ಹಿಂದಿನಿಂದ ಓದಿದ ಹನ್ನೆರಡು ಹಾಳೆ

ಎರಡನೇ ಸಲವೂ ನನ್ನ ಚಿತ್ರಕಥೆ ಬೆಂಗಳೂರಿನಿಂದ ವಾಪಸು ಬಂತು. ಜೊತೆಗೆ ಮಕ್ಕಳ ಮಾಸಪತ್ರಿಕೆಯ ಸಂಪಾದಕರದ್ದು ಅರ್ಧ ಪುಟದ ಕಾಗದ. "ಚಿತ್ರಗಳು ಗಟ್ಟಿಯಾಗಿವೆ. ಆದರೆ ನಿಮ್ಮ ನಾಯಕ ಮೊದಲ ಪುಟದಲ್ಲಿ ಹೇಗಿದ್ದಾನೋ ಕೊನೆಯ ಪುಟದಲ್ಲೂ ಹಾಗೇ ಇದ್ದಾನೆ. ಅವನೊಳಗೆ ಏನೂ ಬದಲಾಗುವುದಿಲ್ಲ. ಸರಿಮಾಡಿ ಸೆಪ್ಟೆಂಬರ್ ಹದಿನೈದರೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ಕೊನೆಯ ಸಲ ನೋಡುತ್ತೇವೆ."

ಓದಿ ಕಾಗದವನ್ನು ಮುದ್ದೆ ಮಾಡಿದೆ. ಆಮೇಲೆ ಬಿಡಿಸಿ ಮತ್ತೆ ಓದಿದೆ. ನನ್ನ ನಾಯಕ ರಣವೀರ ರೆಕ್ಕೆಯಿರುವ ಟಗರಿನ ಮೇಲೆ ಕೂತು ಏಳು ತಲೆಯ ತೋಳರಾಕ್ಷಸನನ್ನು ಕಡಿಯುವವನು. ಅಂಥವನು ಯಾಕೆ ಬದಲಾಗಬೇಕು?

ಚಳ್ಳಕೆರೆಯಲ್ಲಿ ಬೋರ್ಡು ಬರೆಯುವ ಕ್ಯಾತಪ್ಪ ಎಂದರೆ ನಾನೇ. ಎಣ್ಣೆ ಮಿಲ್ಲು, ಮೊಳಕಾಲ್ಮುರಿನ ಸೀರೆ ಅಂಗಡಿ, ಬ್ರಹ್ಮಗಿರಿಯ ಶಾಸನಕ್ಕೆ ದಾರಿ ತೋರಿಸುವ ಬಾಣದ ಗುರುತು, ಎಲ್ಲ ನನ್ನ ಕೈಯವೇ. ಇಪ್ಪತ್ತಾರು ವರ್ಷ ಬರೆದಿದ್ದೇನೆ. ಒಂದೂ ಉಳಿದಿಲ್ಲ. ಬಿಸಿಲಿಗೆ ಬಿಳುಚಿಕೊಳ್ಳುತ್ತವೆ. ಅಂಗಡಿ ಕೈ ಬದಲಾದರೆ ಮೇಲೆ ಬಣ್ಣ ಬಳಿಯುತ್ತಾರೆ, ಬಳಿಯುವವನೂ ನಾನೇ. ಪುಸ್ತಕದಲ್ಲಿ ಅಚ್ಚಾಗಿದ್ದರ ಮೇಲೆ ಯಾರೂ ಬಣ್ಣ ಬಳಿಯಲಾರರು. ನನಗೆ ಬೇಕಾಗಿದ್ದದ್ದು ಅಷ್ಟೇ. ಹನ್ನೆರಡು ಪುಟ, ಕೆಳಗೆ ನನ್ನ ಹೆಸರು.

ಪಕ್ಕದ್ದು ನಬೀ ಸಾಬನ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುತ್ತಾನೆ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಆದರೂ ನಮ್ಮಿಬ್ಬರದು ಲೇ ಎನ್ನುವ ಸಲಿಗೆ.

"ಏನಂತಲೇ ಕ್ಯಾತಪ್ಪ, ಅಚ್ಚಾಯ್ತಾ?"

"ವಾಪಸ್ ಬಂತು. ಹೀರೋ ಬದಲಾಗಲ್ವಂತೆ."

"ಅದಕ್ಕೇನು, ಬೇರೆ ಹೀರೋನ ಹಾಕು."

"ನಿನ್ನ ತಲೆ. ಮೋಟರ್ ಅಂದ್ಕಂಡಿಯೇನು, ಕಿತ್ತು ಬೇರೆ ಕೂರಿಸೋಕೆ?"

ಅವನು ನಕ್ಕು ಒಳಗೆ ಹೋದ. ಬರುವಾಗ ಕೈಯಲ್ಲಿ ಒಂದು ದಪ್ಪ ಪುಸ್ತಕ ಇತ್ತು. ಅವನ ತಮ್ಮ ಶಕೀಲ್ ಬಾಡಿಗೆ ಸುಮೋ ಓಡಿಸುತ್ತಾನೆ. ಹಿಂದಿನ ವಾರ ಜಪಾನಿನಿಂದ ಬಂದವರನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದ. ಅವರು ಇಳಿದು ಹಂಪಿ ಕಡೆ ಹೋದಮೇಲೆ ಹಿಂದಿನ ಸೀಟಿನ ಕೆಳಗೆ ಇದು ಸಿಕ್ಕಿತಂತೆ. ತುಂಬ ಚಿತ್ರ. ನಡುನಡುವೆ ಇರುವೆ ಸಾಲಿನಂಥ ಅಕ್ಷರ.

"ನಿನ್ನಂಗೇ ಯಾವನೋ ಬರೆದವ್ನೆ. ನೋಡು, ಅವನ ಹೀರೋ ಏನು ಮಾಡ್ತಾನೆ ಅಂತ."

ಸಂಜೆವರೆಗೂ ನೋಡಿದೆ. ಗೆರೆ ಎಂದರೆ ಗೆರೆ. ಒಂದೇ ಎಳೆತದಲ್ಲಿ ಗಾಳಿ ಬರಿಸುವ ಕೈ ಅದು, ಒಪ್ಪಿಕೊಳ್ಳದೆ ವಿಧಿಯಿಲ್ಲ. ಆದರೆ ಕಥೆ? ಮೊದಲ ಪುಟದಲ್ಲಿ ಬೆಟ್ಟದ ತುದಿಯಲ್ಲಿ ಒಬ್ಬ ಯುವಕ. ಊರಷ್ಟು ದೊಡ್ಡ ಹಾವು ಅವನ ಮುಂದೆ ತಲೆ ಬಾಗಿಸಿದೆ. ಅಂಥ ಹೊತ್ತಿನಲ್ಲಿ ಆ ಪುಣ್ಯಾತ್ಮ ಒಂದು ಕೈಯಲ್ಲಿ ಕಿವಿ ಕೆರೆದುಕೊಳ್ಳುತ್ತಿದ್ದಾನೆ. ಮುಂದೆ ಹೋದಂತೆಲ್ಲ ಅವನ ಕತ್ತಿ ಹೋಯಿತು, ಗೆಳೆಯರು ಹೋದರು, ಎತ್ತರ ಹೋಯಿತು. ಕೊನೆಗೆ ಮಂಚದ ಕೆಳಗೆ ಎರಡೂ ಕಿವಿ ಮುಚ್ಚಿಕೊಂಡು ಅಳುವ ಹುಡುಗನಾಗಿ ಮುಗಿದ. ಜಗಳದ ಪುಟಗಳಂತೂ ಕೇಳಬೇಡಿ. ಬೀಳುವವನು ಮೊದಲು ಬೀಳುತ್ತಾನೆ, ಆಮೇಲೆ ಹೊಡೆಯುವವನು ಕೈ ಎತ್ತುತ್ತಾನೆ.

ನನಗೆ ರೇಗಿಹೋಯಿತು. ಇಂಥದ್ದನ್ನು ಅಚ್ಚು ಹಾಕುತ್ತಾರೆ, ನನ್ನದನ್ನು ವಾಪಸು ಕಳಿಸುತ್ತಾರೆ. ಅಲ್ಲೇ ಕೂತು ಸಂಪಾದಕರಿಗೆ ಕಾಗದ ಬರೆದೆ. "ಜಪಾನಿನವರ ನಾಯಕ ಪುಟಪುಟಕ್ಕೂ ಹೇಡಿಯಾಗುತ್ತಾ ಹೋಗುತ್ತಾನೆ. ನೀವು ಕೇಳುವ ಬದಲಾವಣೆ ಇದೇ ಆದರೆ ನನಗೆ ಬೇಡ. ನನ್ನ ರಣವೀರ ನಿಂತಲ್ಲೇ ನಿಲ್ಲುವ ಗಂಡಸು." ಮಾರನೇ ದಿನ ಬೆಳಿಗ್ಗೆ ಡಬ್ಬಿಗೆ ಹಾಕಿ ಬಂದೆ. ಹಾಕಿದ ಮೇಲೆ ಮನಸ್ಸು ಹಗುರಾಗಿ ಎರಡು ಕಪ್ ಟೀ ಕುಡಿದೆ.

ಮಧ್ಯಾಹ್ನ ನಬೀ ಸಾಬನ ಮಗಳು ಶಮಾ ಅಪ್ಪನಿಗೆ ಊಟ ತಂದಳು. ಉರ್ದು ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಬಾಯಿ ಜೋರು. ನನ್ನ ಬೆಂಚಿನ ಮೇಲಿದ್ದ ಪುಸ್ತಕ ನೋಡಿದವಳೇ ಎತ್ತಿಕೊಂಡು, ನಾನು ಕೊನೆ ಅಂದುಕೊಂಡಿದ್ದ ಕಡೆಯಿಂದ ತೆರೆದಳು.

"ಅದು ಹಿಂದಿನ ರಟ್ಟು ಕಣಮ್ಮ," ಎಂದೆ.

"ಇಲ್ಲ ಮಾಮ, ಇದೇ ಮುಂದಿನದು. ನಮ್ಮ ಉರ್ದು ಪುಸ್ತಕ ಇದ್ದಂಗೇ ಐತೆ. ಬಲಗಡೆಯಿಂದ ಶುರು."

"ಜಪಾನಿನೋರು ಸಾಬರೇನು?"

"ಅದು ನಂಗೊತ್ತಿಲ್ಲ. ಹಿಂಗೆ ನೋಡಿದ್ರೆ ಹೊಡೆಯೋನು ಮೊದ್ಲು ಕೈ ಎತ್ತುತಾನೆ, ಆಮೇಲೆ ಇನ್ನೊಬ್ಬ ಬೀಳ್ತಾನೆ. ನೋಡಿ ಬೇಕಾದ್ರೆ."

ನೋಡಿದೆ. ಹೌದು, ಹಾಗೇ ಇತ್ತು. ನನ್ನ ಕಿವಿ ಬಿಸಿಯಾಯಿತು.

ಶಮಾ ಒಂದು ಮೋಟರಿನ ಮೇಲೆ ಕೂತು ಪುಟ ಮಗುಚುತ್ತಾ ಹೇಳಿದಳು. ಅವರ ಮನೆಯ ಟಿ.ವಿ.ಯಲ್ಲಿ ಸಂಜೆ ಐದಕ್ಕೆ ಹಿಂದಿ ಮಾತು ಕೂರಿಸಿದ ಜಪಾನಿ ಕಾರ್ಟೂನು ಬರುತ್ತದಂತೆ. ಅದೂ ಹೀಗೇ ನಡೆಯುತ್ತದಂತೆ. "ಹಾವು ಬಂದು ಮನೆಯೋರನ್ನೆಲ್ಲ ಎಳ್ಕೊಂಡು ಹೋಗ್ತೈತೆ ಮಾಮ. ಇವನು ಮಂಚದ ಕೆಳಗೆ ಕಿವಿ ಮುಚ್ಕೊಂಡು ಕೂತವ್ನೆ. ಕೂಗೋಕೂ ಆಗಲ್ಲ ಇವನಿಗೆ. ಆಮೇಲೆ ಊರು ಬಿಡ್ತಾನೆ. ಇಲ್ಲಿ ಒಬ್ಬ ಸ್ನೇಹಿತ ಸಿಕ್ಕ. ಇಲ್ಲಿ ಮತ್ತೆ ಓಡಿಹೋದ, ಸ್ನೇಹಿತನ್ನ ಬಿಟ್ಟು. ಇಲ್ಲಿ ವಾಪಸ್ ಬಂದ." ಕೊನೆಯ ಪುಟಕ್ಕೆ ಬಂದಾಗ ಅವಳ ದನಿ ತಗ್ಗಿತು. "ನೋಡಿ, ಹಾವಿನ ಮುಂದೆ ನಿಂತಾಗ್ಲೂ ಒಂದು ಕೈ ಕಿವಿ ಮೇಲೇ ಐತೆ. ಭಯ ಹೋಗೇ ಇಲ್ಲ. ಆದ್ರೂ ನಿಂತವ್ನೆ."

ನಾನು ಕಿವಿ ಕೆರೆದುಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದೆ.

ಬೆಳಿಗ್ಗೆ ಹಾಕಿದ ಕಾಗದ ನೆನಪಾಯಿತು. ಅಂಚೆ ಕಚೇರಿಗೆ ಓಡೋಣವೇ ಎಂದರೆ ಹನ್ನೊಂದರ ಬಸ್ಸಿಗೆ ಚೀಲ ಹೋಗಿಯಾಗಿತ್ತು. ಆ ಸಿಟ್ಟಿನಲ್ಲಿ ಶಮಾಳಿಗೆ, "ಆಯ್ತು, ದೊಡ್ಡ ಪಂಡಿತೆ ನೀನು. ನನ್ನದನ್ನೂ ನೋಡಿ ಹೇಳು," ಎಂದೆ.

ಬೆಂಗಳೂರಿನ ಉತ್ತರಕ್ಕೆ ಕಾಯುತ್ತಾ ಅದೇ ಕಥೆಯನ್ನು ಮತ್ತೆ ಬಿಡಿಸಿದ್ದ ನನ್ನ ಹನ್ನೆರಡು ಹೊಸ ಹಾಳೆಗಳು ಗೋಡೆಯುದ್ದಕ್ಕೂ ಕಟ್ಟಿದ ದಾರದಲ್ಲಿ ಕ್ಲಿಪ್ಪು ಹಾಕಿಕೊಂಡು ಒಣಗುತ್ತಿದ್ದವು. ಎಡಗಡೆ ಒಂದು, ಬಲಗಡೆ ಹನ್ನೆರಡು. ಮಾತು ಇನ್ನೂ ಬರೆದಿರಲಿಲ್ಲ. ಚಿತ್ರ ಒಣಗದೆ ನಾನು ಅಕ್ಷರ ಮುಟ್ಟುವುದಿಲ್ಲ. ಶಮಾ ಎದ್ದು ಬಲಗಡೆ ತುದಿಗೆ ಹೋಗಿ ನಿಂತಳು. ಜಪಾನಿ ಪುಸ್ತಕದ ಗುಂಗು ಅವಳ ತಲೆಯಿಂದ ಇಳಿದಿರಲಿಲ್ಲ. ಆ ಕಡೆಯಿಂದಲ್ಲ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಎರಡು ಹಾಳೆ ದಾಟಲಿ, ಅವಳಿಗೇ ಗೊತ್ತಾಗುತ್ತದೆ, ಆಗ ನಾನು ನಗುತ್ತೇನೆ ಎಂದುಕೊಂಡೆ.

ಹನ್ನೆರಡನೆಯದು ನೋಡಿದಳು. ಹನ್ನೊಂದು. ಹತ್ತು. ತಲೆ ಆಡಿಸುತ್ತಾ ಒಂದೊಂದೇ ಹೆಜ್ಜೆ ಎಡಕ್ಕೆ ಬಂದಳು. ಏಳನೆಯದರ ಹತ್ತಿರ ಟಗರಿನ ರೆಕ್ಕೆಯನ್ನು ಬೆರಳಿನಿಂದ ಮುಟ್ಟದೆಯೇ ಗಾಳಿಯಲ್ಲಿ ಸವರಿದಳು. ಎಲ್ಲೂ ತಡವರಿಸಲಿಲ್ಲ. ಒಂದನೆಯದಕ್ಕೆ ಬಂದು ನಿಂತು ನನ್ನ ಕಡೆ ತಿರುಗಿದಳು.

"ಚೆನ್ನಾಗೈತೆ ಮಾಮ. ಟಗರು ಬಲು ಚೆನ್ನಾಗೈತೆ. ಕೊನೇಲಿ ತೋಳದ ತಲೆ ಕಡಿದು ನಿಂತ್ಕಳೋದೂ ಚೆನ್ನಾಗೈತೆ."

ಅದು ನನ್ನ ಮೊದಲನೇ ಹಾಳೆ.

ತಟ್ಟೆಯಲ್ಲಿ ಕೈ ತೊಳೆಯುತ್ತಿದ್ದ ನಬೀ ಸಾಬ ಎಲ್ಲವನ್ನೂ ನೋಡಿದ್ದ. "ಲೇ ಕ್ಯಾತಪ್ಪ, ಒಳ್ಳೇದೇ ಮಾಡಿದೀಯ. ಕನ್ನಡದೋರು ಆ ಕಡೆಯಿಂದ ಓದ್ಲಿ, ನಾವು ಈ ಕಡೆಯಿಂದ ಓದ್ತೀವಿ. ಯಾರಿಗೂ ತೊಂದ್ರೆ ಇಲ್ಲ."

"ಮುಚ್ಚೋ ಬಾಯಿ."

ಶಮಾ ದಾರದ ಎರಡು ತುದಿಯನ್ನೂ ನೋಡಿ ಆಮೇಲೆ ಅರ್ಥ ಮಾಡಿಕೊಂಡಳು. ನಾಲಿಗೆ ಕಚ್ಚಿಕೊಂಡಳು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಮಾಮ, ನಿಮ್ಮ ರಣವೀರಂಗೆ ಯಾವುದಕ್ಕೂ ಭಯ ಇಲ್ವಾ?"

"ಇಲ್ಲ."

"ಹಂಗಾದ್ರೆ ಅವನಿಗೆ ಅಷ್ಟುದ್ದ ಕತ್ತಿ ಯಾಕೆ?"

"ನಿನಗೆ ಶಾಲೆ ಇಲ್ವೇನೇ? ಎದ್ದು ನಡಿ," ಎಂದು ಗದರಿದೆ. ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಮಗುವಿನ ಮೇಲೆ ಕೂಗಿದೆನೆಂದು ನಬೀ ಸಾಬ ಸಂಜೆವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಹಾಳೆಗಳನ್ನು ದಾರದಿಂದ ಇಳಿಸಿ, ನಾನೇ ಹಿಂದಿನಿಂದ ಮುಂದಕ್ಕೆ ಜೋಡಿಸಿ ನೋಡಿದೆ. ಏನೂ ಕೆಡಲಿಲ್ಲ. ಒಂದೊಂದು ಹಾಳೆಗೆ ಒಂದೊಂದು ತಲೆ ಕಡಿದು ಎಸೆಯುತ್ತಾನೆ, ಕಡಿದದ್ದು ಮತ್ತೆ ಚಿಗುರುತ್ತದೆ, ಅಷ್ಟೇ. ಇಸ್ಪೀಟಿನ ಎಲೆಯಂತೆ ಕಲಸಿಟ್ಟರೂ ರಣವೀರ ಅದೇ ಎದೆ ಉಬ್ಬಿಸಿಕೊಂಡು ನಿಂತಿರುತ್ತಾನೆ. ಸಂಪಾದಕರು ಎರಡು ಸಲ ಬರೆದದ್ದನ್ನು ಆ ಹುಡುಗಿ ನಡೆದು ತೋರಿಸಿದ್ದಳು.

ಈಗ ಹೇಳಲೇಬೇಕಾದ ಒಂದು ವಿಷಯ ಇದೆ. ಈ ಕಥೆ ನನಗೆ ಎಲ್ಲಿಂದ ಬಂತು ಎಂದು ಯಾರು ಕೇಳಿದರೂ, ನಮ್ಮೂರು ದೊಡ್ಡಉಳ್ಳಾರ್ತಿಯ ಹುಲ್ಲುಕಾವಲಿನಲ್ಲಿ ಒಂಬತ್ತು ವರ್ಷದವನಾಗಿ ಕುರಿ ಕಾಯುತ್ತಿದ್ದಾಗ ನಾನು ತೋಳ ಓಡಿಸಿದ್ದೆ ಎನ್ನುತ್ತಿದ್ದೆ. ನಮ್ಮ ಹಟ್ಟಿಯೆಲ್ಲ ಅದನ್ನೇ ನಂಬಿದೆ. ಹಿರಿಯರು ಕರೆದು ಹೊಸ ಕರಿ ಕಂಬಳಿ ಹೊದಿಸಿದ್ದರು. ನಡೆದದ್ದು ಬೇರೆ. ತೋಳ ಮರಿಗಳ ನಡುವೆ ನುಗ್ಗಿದಾಗ ನಾನು ಕೋಲು ಬಿಸಾಡಿ ಓಡಿದೆ. ಹಿಂದೆ ಉಳಿದು ತೋಳಕ್ಕೆ ಎದುರು ನಿಂತವಳು ನನ್ನ ಅಕ್ಕ ನಾಗಕ್ಕ. ಆಗ ಅವಳಿಗೆ ಹದಿಮೂರು. ಅವಳ ಮುಂಗೈಯಲ್ಲಿ ಇವತ್ತಿಗೂ ಹಲ್ಲಿನ ಗುರುತು ಇದೆ. ನಾನು ಊರಿಗೆ ಮೊದಲು ಮುಟ್ಟಿದ್ದರಿಂದ ಮೊದಲು ಹೇಳಿದ್ದು ನಾನು. ನಾಗಕ್ಕ ಬಂದಮೇಲೂ ಬೇರೆ ಮಾತಾಡಲಿಲ್ಲ. ಮುಳ್ಳುಬೇಲಿ ತರಚಿತು ಎಂದಳು.

ಹೊಸ ಹಾಳೆ ತೆಗೆದೆ. ರಣವೀರ ಬರಲಿಲ್ಲ. ಒಬ್ಬ ಸಣ್ಣ ಹುಡುಗ ತೋಳಕ್ಕೆ ಬೆನ್ನು ತೋರಿಸಿ ಓಡುತ್ತಿರುವುದು ಬಂತು. ಹಿಂದೆ ಬಿದ್ದ ಕೋಲು, ಬಾಯಿ ತೆರೆದ ಮರಿಗಳು, ದೂರದಲ್ಲಿ ಲಂಗದ ಹುಡುಗಿ. ನಾಲ್ಕು ಸಲ ಹರಿದೆ. ಪ್ರತಿ ಸಲವೂ ಅವನ ಮುಖಕ್ಕೆ ನನ್ನ ಕೈ ತಾನಾಗಿಯೇ ಒಂದಿಷ್ಟು ಧೈರ್ಯ ಬಳಿಯುತ್ತಿತ್ತು. ಇಪ್ಪತ್ತಾರು ವರ್ಷ ಎಲ್ಲ ಅಂಗಡಿಯನ್ನೂ ಇದ್ದದ್ದಕ್ಕಿಂತ ದೊಡ್ಡದಾಗಿ ಬರೆದ ಕೈ ಅದು. ಐದನೇ ಸಲ ಮುಖದ ಭಯವನ್ನು ಮುಚ್ಚದೆ ಬಿಟ್ಟೆ.

ಅಚ್ಚಾದರೆ ಹಟ್ಟಿಯವರು ಓದುತ್ತಾರೆ. ಅಕ್ಕನಿಗೆ ಹೇಳದೆ ಕಳಿಸುವ ಹಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಹಾಳೆಯನ್ನು ರಟ್ಟಿನ ನಡುವೆ ಇಟ್ಟುಕೊಂಡು ದೊಡ್ಡಉಳ್ಳಾರ್ತಿಗೆ ಹೋದೆ. ನಾಗಕ್ಕ ರೊಪ್ಪದ ಮುಂದೆ ಕೂತು ಕುಂಟುವ ಮರಿಯೊಂದರ ಗೊರಸಿನಿಂದ ಮುಳ್ಳು ಕೀಳುತ್ತಿದ್ದಳು. ರೊಪ್ಪವೆಂದರೆ ಕುರಿಗಳಿಗೆ ಮುಳ್ಳು ಕಟ್ಟಿದ ಆವರಣ. ನಾನು ಹಾಳೆಯನ್ನು ಅವಳ ಮುಂದೆ ಹಿಡಿದೆ. ಮರಿಯನ್ನು ತೊಡೆಯಿಂದ ಇಳಿಸದೆಯೇ ನೋಡಿದಳು.

"ಚಪ್ಪಲಿ ಯಾಕೆ ಹಾಕಿದೀಯ?"

"ಹಾಂ?"

"ನಿನ್ನ ಕಾಲಾಗೆ ಚಪ್ಪಲಿ ಇರಲಿಲ್ಲ. ಬರಿಗಾಲಾಗೆ ಓಡ್ದೆ. ಆ ಓಟಕ್ಕೆ ಎಂಟು ದಿನ ಕುಂಟಿದೀಯ. ಮುಳ್ಳು ಕಿತ್ತೋಳು ನಾನೇ ಅಲ್ವೇನೋ?"

"ಇದು ಪುಸ್ತಕದಾಗೆ ಬರ್ತೈತೆ ಅಕ್ಕ. ಎಲ್ಲರಿಗೂ ಗೊತ್ತಾಗ್ತೈತೆ."

"ಆಗ್ಲಿ ಬಿಡು. ಓದು ಬರೋರು ಎಷ್ಟು ಜನ ಅವ್ರೆ ಇಲ್ಲಿ." ಮರಿಯ ಕಾಲು ಬಿಟ್ಟಳು. ಅದು ಎರಡು ಹೆಜ್ಜೆ ಕುಂಟಿ ಆಮೇಲೆ ಸರಿಯಾಗಿ ನಡೆಯಿತು. "ಕೊನೇಲಿ ಏನು ಮಾಡ್ತಾನೆ ಇವನು?"

"ಇನ್ನೂ ಗೊತ್ತಿಲ್ಲ. ತೋಳ ಕೊಲ್ಲಬೇಕೋ ಏನೋ."

"ತೋಳ ಯಾಕೆ ಕೊಲ್ತೀಯ, ಅದು ಅವತ್ತೇ ಹೋಯ್ತು." ಸೆರಗಿನಿಂದ ಕೈ ಒರೆಸಿಕೊಂಡಳು. "ಕಂಬಳಿ ಕೊಡ್ಸು."

"ಯಾರಿಗೆ?"

ಇಂಥ ದಡ್ಡನನ್ನು ಹೊತ್ತು ತಿರುಗಿಸಿದೆನಲ್ಲ ಎನ್ನುವ ಹಾಗೆ ನನ್ನ ಮುಖ ನೋಡಿ, ಮುಂದಿನ ಮರಿ ಹಿಡಿಯಲು ಎದ್ದು ಹೋದಳು.

ವಾಪಸು ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಚಪ್ಪಲಿ ಅಳಿಸಿದೆ. ಗುಂಡಿಗಳಲ್ಲಿ ಬಸ್ಸು ಎಗರಿ ಹಾಳೆಯ ಮೂಲೆ ಮಸಿಯಾಯಿತು. ಡ್ರೈವರನ್ನು ಬೈದೆ. ಹದಿನೈದಕ್ಕೆ ಇನ್ನು ಆರು ದಿನ, ಹನ್ನೊಂದು ಹಾಳೆ ಬಾಕಿ. ಸಂಪಾದಕರಿಗೆ ಬರೆದ ಕಾಗದಕ್ಕೆ ತಪ್ಪಾಯಿತೆಂದು ಇನ್ನೊಂದು ಕಾಗದ ಬರೆಯಬೇಕು. ಶಮಾಳನ್ನು ಕರೆದು, ಮುಗಿದ ಹಾಳೆಗಳನ್ನು ಮೊದಲು ಬಲದಿಂದ, ಆಮೇಲೆ ಎಡದಿಂದ ಓದಿಸಬೇಕು; ಬಲದಿಂದ ಓದುವಾಗ ಅವಳು ಎಲ್ಲಾದರೂ ತಡವರಿಸಿದರೆ ಸಾಕು. ಅದಕ್ಕೂ ಮೊದಲು ಅವಳ ಅಪ್ಪನಿಗೆ ಟೀ ಕುಡಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಹನ್ನೆರಡನೇ ಹಾಳೆ. ಹುಡುಗ ತನ್ನ ಹೆಗಲಿನಿಂದ ಕಂಬಳಿ ತೆಗೆಯುತ್ತಾನೆ, ಅಕ್ಕ ಕೈ ಚಾಚುತ್ತಾಳೆ, ಮುಂಗೈಯ ಗುರುತು ಕಾಣಬೇಕು. ಕರಿ ಕಂಬಳಿಯ ಮಡಿಕೆಯನ್ನು ಕರಿ ಶಾಯಿಯಲ್ಲಿ ಹೇಗೆ ಬಿಡಿಸುವುದೋ ನನಗೆ ಇವತ್ತಿಗೂ ಯಾರೂ ಹೇಳಿಕೊಟ್ಟಿಲ್ಲ.