ಕರಿ ಉಣ್ಣೆಯ ಎಳೆ

ಒಣಗಿಸಿ ಹಾಳೆಗೆ ಅಂಟಿಸಿದ್ದ ಕಾಡು ಆಸ್ಟರ್ ಗಿಡದ ಮೇಲೆ ಶಶಿಕಲಾ ಬಿಸಿನೀರಿನ ಹನಿ ಬಿಟ್ಟಳು. ದೇವದುರ್ಗದ ಗುಡ್ಡದಲ್ಲಿ ಸಿಕ್ಕಿದ್ದು ಇದೊಂದೇ. ಇದರ ಹತ್ತಿರದ ಸಂಬಂಧಿಗಳು ಎರಡು. ಒಂದಕ್ಕೆ ನೇರಳೆ ಹೂವು, ಎಲೆಗೆ ತೊಟ್ಟು. ಇನ್ನೊಂದಕ್ಕೆ ಬಿಳಿ ಹೂವು. ಅದರ ತೊಟ್ಟಿಲ್ಲದ ಎಲೆ ಕಾಂಡವನ್ನೇ ತಬ್ಬಿಕೊಂಡಿರುತ್ತದೆ. ಇದಕ್ಕೋ ಹೂವು ನೇರಳೆ, ಎಲೆ ತಬ್ಬುವಂಥದ್ದು. ಹೊಸ ಜಾತಿಯೆಂದು ಗಂಡ ಅಂಬರೀಶ ಪ್ರಬಂಧ ಬರೆಯತೊಡಗಿದ್ದ. ಅದಕ್ಕೆ ಅವಳ ಹೆಸರಿಟ್ಟಿದ್ದ.

ನಾಲ್ಕು ತಿಂಗಳ ಹಿಂದೆ ಇಂಥದೇ ಮತ್ತೊಂದು ಗಿಡ ಹುಡುಕಲು ಹೋದವನು, "ಮನಿಗೆ ಬಂದು ಒಂದು ಮಾತು ಹೇಳೋದದ" ಎಂದು ಫೋನ್ ಮಾಡಿದ್ದ. ಮಲ್ಲಟದ ತಿರುವಿನಲ್ಲಿ ಬೈಕ್ ಉರುಳಿ ತೀರಿಕೊಂಡ. ಗಿಡ ಸಿಕ್ಕಿರಬೇಕೆಂದುಕೊಂಡು ಪ್ರಬಂಧವನ್ನು ಅವಳೇ ಮುಗಿಸಿದಳು. ಮರುದಿನ ರಾಯಚೂರು ಕಾಲೇಜಿನ ಸಂಘಮಿತ್ರಾ ಮೇಡಂ ಅದನ್ನು ಪತ್ರಿಕೆಗೆ ಕಳಿಸುವವರಿದ್ದರು. ಎಲೆಯ ಬುಡದ ಅಳತೆಯೊಂದು ಬಾಕಿ.

ನೆನೆದ ಎಲೆ ಬಿಚ್ಚಿಕೊಂಡಿತು. ಒಳಗೆ ಕಾಂಡ ಎರಡು ತುಂಡು. ಸುತ್ತ ಕರಿ ಉಣ್ಣೆಯ ಎಳೆ.

ಬೆಳಿಗ್ಗೆ ಮಾನ್ವಿಯಿಂದ ಮೊದಲ ಬಸ್ಸಿಗೇ ದೇವದುರ್ಗಕ್ಕೆ ಹೋದಳು. ಗಂಡನಿಗೆ ಗಿಡ ತಂದುಕೊಡುತ್ತಿದ್ದ ಕುರುಬರ ಹನುಮಂತ್ರಾಯ ಕುರಿಗಳ ಹಿಂದೆ ಉಣ್ಣೆ ನೂಲುತ್ತಾ ನಡೆದಿದ್ದ.

"ಬಾ ಯವ್ವಾ. ನಿಮ್ಮ ಮಾಸ್ತರ್ರು ಕುರಿ ತಿನ್ನೋ ಕಸಕ್ಕ ಪೇಪರ್ ಹಾಸಿ ಮಲಗಸ್ತಿದ್ರು" ಎಂದು ನಕ್ಕವನು, ಅವಳ ಬೆರಳಲ್ಲಿದ್ದ ಎಳೆ ಕಂಡು ನೂಲುವುದನ್ನು ನಿಲ್ಲಿಸಿದ.

"ಇದು ನಿಂದೇನು ಯಪ್ಪಾ?"

"ನಂದ. ಗಿಡದ ಹೂವು ಕುರಿ ತಿಂದಿದ್ವು. ಬೋಳು ಗಿಡ ಹೆಂಗ ಕೊಡ್ಲಿ ಅಂತ ಬಾಜೂ ಗಿಡದ ಹೂವು ಇಟ್ಟು ಸುತ್ತಿದೆ. ಕುರಿಯ ಮುರಿದ ಕಾಲಿಗೆ ಸುತ್ತಂಗಿಲ್ಲೇನು, ಹಂಗ."

"ಅವರಿಗೆ ಹೇಳಲಿಲ್ಲೇನು?"

"ಕಡೀ ಸಲ ಬಂದಾಗ ಹೇಳಿದೆ. ಬಿಸಿಲಾಗ ಇಡೀ ಗುಡ್ಡ ಹುಡುಕಾಕತ್ತಿದ್ರು, ನೋಡಾಕಾಗ್ಲಿಲ್ಲ. ಹೊಟ್ಟಿ ಹಿಡ್ಕೊಂಡು ನಕ್ಕರು. 'ಇದನ್ನ ಕೇಳಿದ್ರ ನನ್ನ ಹೇಣ್ತಿ ವರ್ಷಗಟ್ಟಲೆ ಕಾಡಸ್ತಾಳ, ನಾನ ಹೇಳ್ತೀನಿ' ಅಂತಂದು ಗಾಡಿ ಹತ್ತಿದ್ರು."

ಶಶಿಕಲಾ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಅಲ್ಲಿಂದಲೇ ರಾಯಚೂರಿಗೆ ಫೋನ್ ಮಾಡಿದಳು.

"ಕಳಿಸಬ್ಯಾಡ್ರಿ ಮೇಡಂ. ಅದು ಒಂದು ಗಿಡ ಅಲ್ಲ, ಎರಡು."

ಫೋನ್ ಇಟ್ಟು ಕೇಳಿದಳು: "ಯಪ್ಪಾ, ಎಷ್ಟೊತ್ತು ನಕ್ಕರು?"

ಮುದುಕ ದೂರದ ಜಾಲಿ ಗಿಡ ತೋರಿಸಿದ. "ಕುರಿ ಇಲ್ಲಿಂದ ಅಲ್ಲೀ ಮಟ ಹೋಗಿದ್ವು ನೋಡು, ಅಷ್ಟೊತ್ತು."

ಕುರಿಗಳು ಆ ಕಡೆಗೇ ಹೊರಟಿದ್ದವು. ಅವು ಮುಟ್ಟುವ ತನಕ ಅವಳು ನೋಡುತ್ತಾ ಕುಳಿತಳು.