ಏಳನೇ ಟ್ಯಾಂಕಿನ ಸೋರಿಕೆ

ಆ ವರ್ಷ ಖಮೈಸ್ ಏಳನೇ ಟ್ಯಾಂಕಿನ ನೆತ್ತಿಗೆ ಹತ್ತಿದ್ದು ಇದು ಐದನೇ ಸಲ. ಸ್ಫಾಕ್ಸ್ ನಗರದ ದಕ್ಷಿಣಕ್ಕೆ, ಕಡಲ ದಂಡೆಯ ಆ ರಾಸಾಯನಿಕ ದಾಸ್ತಾನಿನಲ್ಲಿ ವಾಲ್ವ್ ರಿಪೇರಿ ಮಾಡುತ್ತ ಅವನಿಗೆ ಇಪ್ಪತ್ತಾರು ವರ್ಷ ಕಳೆದಿತ್ತು. ಮಂಡಿ ಸವೆದಿತ್ತು, ಮೂಗು ಸತ್ತಿತ್ತು. ಹೆಂಡತಿ ಒಲೆಯ ಮೇಲೆ ಮೀನು ಸೀಯಿಸಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಟ್ಯಾಂಕಿನೊಳಗೆ ಬೆಂಜೀನ್. ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಆವಿ ಹೊರಬಿಡಲೆಂದು ಮೇಲೊಂದು ವಾಲ್ವ್ ಇತ್ತು. ಅದೀಗ ದಿನವಿಡೀ ಸೋರುತ್ತಿತ್ತು. ಮಕ್ಕಳಿಗೆ ತಲೆನೋವೆಂದು ಗೋಡೆಯಾಚೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ಐದು ಪತ್ರ ಬರೆದಿದ್ದರು. ಪತ್ರ ಬಂದಾಗಲೆಲ್ಲ ಖಮೈಸ್ ಮಾಸ್ಕ್ ಹಾಕಿಕೊಂಡು ಹತ್ತಿ, ವಾಲ್ವಿನ ಬಾಯಿ ಮುಚ್ಚುವ ತಟ್ಟೆ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿ ಇಳಿಯುತ್ತಿದ್ದ.

ಈ ಸಲ ಇಳಿದು ನೆರಳಲ್ಲಿ ಕುಕ್ಕರಿಸಿದಾಗ ಹೊಸ ಎಂಜಿನಿಯರ್ ನಜೀಹಾ ಬಂದಳು.

"ಹೊಸ ವಾಲ್ವಿಗೆ ಬರೆದಿದ್ದೀನಿ ಕಾಕಾ. ಬರೋಕೆ ಆರು ತಿಂಗಳಂತೆ."

"ಬರಲಿ. ಅದೂ ಸೋರುತ್ತೆ."

"ಯಾಕೆ?"

ಖಮೈಸ್ ಅವಳ ಮುಖ ನೋಡಿದ. ತಮಾಷೆಗೆ ಕೇಳಿದ್ದಲ್ಲ.

"ತಪ್ಪು ವಾಲ್ವಿಂದಲ್ಲ ಮಗಳೇ. ಅದು ತೆರೆಯೋದು ಇಪ್ಪತ್ತು ಮಿಲಿಬಾರ್ ಒತ್ತಡಕ್ಕೆ. ಗಾಳಿ ಒಳಗೆ ಹೋಗದಿರಲಿ ಅಂತ ನೈಟ್ರೋಜನ್ ತುಂಬ್ತೀವಲ್ಲ, ಅದನ್ನ ಹದಿನೆಂಟಕ್ಕೆ ಇಟ್ಟಿದ್ದಾರೆ. ಯಾವಾಗ್ಲೂ ಬಾಗಿಲಿಗೆ ಭುಜ ಕೊಟ್ಟು ನಿಂತ ಹಾಗೆ. ಸ್ವಲ್ಪ ಬಿಸಿಲೇರಿದ್ರೆ ಸಾಕು, ತಟ್ಟೆ ಅಲ್ಲಾಡುತ್ತೆ."

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ನಿನ್ನ ಹಿಂದಿನವನಿಗೆ ಹೇಳಿದೆ. 'ನೀನು ಸ್ಪ್ಯಾನರ್ ಹಿಡಿ, ಲೆಕ್ಕ ನಾನು ನೋಡ್ಕೋತೀನಿ' ಅಂದ. ಮೂರು ವರ್ಷದ ಹಿಂದೆ ಅವನ ಹಿಂದಿನವನಿಗೂ ಹೇಳಿದ್ದೆ, ನಕ್ಕ."

"ಮ್ಯಾನೇಜರ್ ಹತ್ರ ಹೋಗಿ ಕೂಗಾಡಬೇಕಿತ್ತು!"

"ಕೂಗೋಕೆ ಉಸಿರು ಬೇಕಲ್ಲ."

ನಜೀಹಾ ಕಚೇರಿಗೆ ಹೋಗಿ ಹಳೆಯ ನಕ್ಷೆಗಳನ್ನೆಲ್ಲ ಹರಡಿ ಕೂತಳು. ಮರುದಿನ ಮ್ಯಾನೇಜರನ ಸಹಿ ಹಾಕಿಸಿದ ಕಾಗದ ತಂದಳು. ಖಮೈಸ್ ನೈಟ್ರೋಜನ್ನಿನ ತಿರುಪನ್ನು ಹನ್ನೆರಡಕ್ಕೆ ಇಳಿಸಿದ. ಕಾಲು ಗಂಟೆಯ ಕೆಲಸ. ಸಂಜೆ ಟ್ಯಾಂಕಿನ ಬೆಂಜೀನನ್ನು ಹಡಗಿಗೆ ಹರಿಸಿದಾಗ ಒಳಗಿನ ಒತ್ತಡವೂ ಹನ್ನೆರಡಕ್ಕೆ ಇಳಿಯಿತು.

ವಾರದ ನಂತರ ನಡು ಮಧ್ಯಾಹ್ನ ಇಬ್ಬರೂ ಆವಿ ಅಳೆಯುವ ಮೀಟರ್ ಹಿಡಿದು ಮೇಲೆ ಹತ್ತಿದರು. ಸೋರಿಕೆ ಪೂರ್ತಿ ನಿಂತಿರಲಿಲ್ಲ. ಉರಿಬಿಸಿಲಿನ ಗಂಟೆಯಲ್ಲಿ ತಟ್ಟೆ ಒಂದೆರಡು ಸಲ ಮಿಸುಕಿತು, ಅಷ್ಟೆ. ಮೀಟರಿನ ಮುಳ್ಳು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಕುಸಿದಿತ್ತು. ಗೋಡೆಯಾಚೆ ಶಾಲೆಯ ಕಿಟಕಿಗಳು ತೆರೆದಿದ್ದವು. ಮಕ್ಕಳು ಮಗ್ಗಿ ಕೂಗುವುದು ಅಲ್ಲಿಗೂ ಕೇಳಿಸುತ್ತಿತ್ತು.

ನಜೀಹಾ ನಗುತ್ತ ಅವನ ತೋಳು ಹಿಡಿದು ಅಲುಗಿಸಿದಳು. ಖಮೈಸ್‌ಗೆ ನಗು ಬರಲಿಲ್ಲ. ಕಾಲು ಗಂಟೆಯ ಕೆಲಸಕ್ಕೆ ಮೂರು ವರ್ಷ ಹಿಡಿಯಿತಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಅವನು ಕಂಬಿ ಹಿಡಿದು, ನೋಯುವ ಕಾಲನ್ನು ಮೊದಲು ಇಟ್ಟು ಇಳಿಯತೊಡಗಿದ.

"ಎಂಟನೇ ಟ್ಯಾಂಕಿನದು ನಾಳೆ ನೋಡೋಣ," ಎಂದ. "ಬೆಳಿಗ್ಗೇನೇ ಬಾ, ಬಿಸಿಲಿಗೆ ಮುಂಚೆ."