ಮಕ್ತುಂಬೀ ಹೇಳಿದ್ದು

"ಅಮ್ಮ ಏನು ಹೇಳ್ಯಾಳಂತ ಕೇಳದ ಹೆಂಗ ಸಹಿ ಹಾಕ್ಲಿ ಮೇಡಂ?" ಎನ್ನುತ್ತ ಇಮಾಮ್‌ಸಾಬ್ ಕಾಗದವನ್ನು ಮುಸರತ್‌ಳ ಕೈಗೇ ಮರಳಿಸಿದ.

ಕೇಳಿದ್ದು ನ್ಯಾಯವೇ. ಅವನ ತಾಯಿ ಮಕ್ತುಂಬೀ ಜವಳಗೇರಾದ ಗದ್ದೆಗಳಲ್ಲಿ ನಾಟಿ ಮಾಡುತ್ತಲೇ ಮುದುಕಿಯಾದವಳು. ಚಿಟಿಕೆ ಮಣ್ಣನ್ನು ನಾಲಗೆಗೆ ಹಚ್ಚಿ, ಯಾವ ಮೂಲೆಯಲ್ಲಿ ಉಪ್ಪೇರಿ ನೆಲ ಸವಳಾಗುತ್ತಿದೆ ಎಂದು ಹೇಳುತ್ತಿದ್ದಳು. ಮುಸರತ್ ಅದೇ ಮಣ್ಣನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿದಾಗ ಹನ್ನೊಂದು ಗದ್ದೆಗಳ ಪೈಕಿ ಹತ್ತರಲ್ಲಿ ಮುದುಕಿ ಹೇಳಿದ್ದೇ ಸರಿಯಾಗಿತ್ತು. ಅವಳ ಸಂಶೋಧನಾ ಪ್ರಬಂಧ ನಿಂತಿದ್ದೇ ಆ ನಾಲಗೆಯ ಮೇಲೆ. ಹೆಸರು ಹಾಕುತ್ತೇನೆಂದು ಮುದುಕಿಗೆ ಮಾತು ಕೊಟ್ಟಿದ್ದಳು. ಮೂರು ತಿಂಗಳ ಹಿಂದೆ ಮಕ್ತುಂಬೀ ತೀರಿಕೊಂಡಳು.

ಬಾಯಿಮಾತನ್ನು ಆಧಾರವಾಗಿ ಕೊಡುವುದಾದರೆ ಹೇಳಿದವರದೋ, ಅವರ ಮನೆಯವರದೋ ಒಪ್ಪಿಗೆ ಪತ್ರ ಬೇಕೆಂದು ಪ್ರಬಂಧ ಅಚ್ಚು ಮಾಡಲಿದ್ದ ಸಂಶೋಧನಾ ಪತ್ರಿಕೆಯವರು ಬರೆದಿದ್ದರು. ಇವತ್ತೇ ಕಡೆಯ ದಿನ. ಗೈಡ್ ಅನಿಲಕುಮಾರ ಸರ್ ನಿನ್ನೆ ಫೋನಿನಲ್ಲಿ ಸಲೀಸಾಗಿ ಹೇಳಿಬಿಟ್ಟಿದ್ದರು: "ಸತ್ತವರ ಹಿಂದ ಯಾಕ ಓಡಾಡ್ತಿ? ಆ ಹೆಸರು ತೆಗಿ, ಆಧಾರಕ್ಕ ನನ್ನ ಹಳೇ ಪೇಪರ್ ಹಾಕು. ಯಾರು ನೋಡ್ತಾರ?"

ಮುಸರತ್‌ಗೆ ನೋಡುವವರಿದ್ದರು. ಹೆಸರನ್ನು ಅಳಿಸಹೋದಾಗಲೆಲ್ಲ ಮಕ್ತುಂಬೀ ಬಗಲಲ್ಲೇ ಕುಕ್ಕರಗಾಲಲ್ಲಿ ಕೂತು ಲ್ಯಾಪ್‌ಟಾಪಿನೊಳಗೆ ಇಣುಕುತ್ತಿದ್ದಾಳೆ ಅನಿಸಿ ಮೈ ಜುಂ ಎನ್ನುತ್ತಿತ್ತು. ಓದಿದವಳಾದರೂ ಹೆದರಿಕೆ ಹೆದರಿಕೆಯೇ. ಅದಕ್ಕೇ ಸಿಂಧನೂರಿನಿಂದ ಮೊದಲ ಬಸ್ಸಿಗೆ ಬಂದಿದ್ದಳು.

ಅವಳು ಫೋನನ್ನು ಕಟ್ಟೆಯ ಮೇಲಿಟ್ಟು ಮಣ್ಣು ಒಯ್ಯಲು ಬಂದ ದಿನ ಮಾಡಿಕೊಂಡಿದ್ದ ಮುದುಕಿಯ ಮಾತಿನ ರೆಕಾರ್ಡಿಂಗ್ ಹಚ್ಚಿದಳು.

"ನಾಲಿಗಿ ಚುರ್ ಅಂದ್ರ ಅಲ್ಲಿ ನೆಲ್ಲು ಹಚ್ಚಬಾರದು, ಬೇಟಿ..."

ಮಕ್ತುಂಬೀಯ ದನಿ ಅಂಗಳಕ್ಕೆ ಬಂತು. ಇಮಾಮ್‌ಸಾಬ್ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಕೂತ. ಬೇಕಾದ ಭಾಗ ಮುಗಿಯುತ್ತಲೇ ಮುಸರತ್ ನಿಲ್ಲಿಸಲು ಹೋದಳು. ಮುಂದಿನದು ಬರೀ ಮನೆಮಾತೆಂದು ಅವಳು ಅದನ್ನು ಯಾವತ್ತೂ ಕೇಳಿರಲಿಲ್ಲ.

"ಇರ್ಲಿ ಬಿಡ್ರಿ," ಎಂದ ಇಮಾಮ್‌ಸಾಬ್. "ಇನ್ನೊಂದೀಟು ಮಾತಾಡ್ಲಿ."

ಫೋನಿನಲ್ಲಿ ಪ್ಲಾಸ್ಟಿಕ್ ಚೀಲಗಳ ಸರಬರ ಸದ್ದು. ಅವತ್ತು ಮುಸರತ್ ಮಣ್ಣನ್ನು ಪೊಟ್ಟಣ ಕಟ್ಟುತ್ತ, ಅರೆಕಿವಿಯಲ್ಲಿ ಹೂಂಗುಟ್ಟುತ್ತಿದ್ದಳು. ಆ ಸದ್ದಿನ ನಡುವಿನಿಂದ ಮುದುಕಿ ನಿಧಾನವಾಗಿ ಹೇಳತೊಡಗಿದಳು.

"ಇದು ನನ್ನ ಮಾತಲ್ಲ, ಬೇಟಿ. ನನ್ನ ಅತ್ತಿ ಮಾಸುಂಬಿ ಕಲಿಸ್ಯಾಳ. ನನ್ನ ಹೆಸರು ಬ್ಯಾಡ, ಆಕಿದು ಹಾಕು. ಪಾಪ, ಆಕಿನ್ನ ಯಾರೂ ಏನೂ ಕೇಳಲಿಲ್ಲ. ಬರ್ಕೊಂಡಿ ಏನು?"

ಇಮಾಮ್‌ಸಾಬ್ ಕತ್ತೆತ್ತಿ ಮುಸರತ್‌ಳನ್ನು ನೋಡಿದ. ಅವಳ ಕಣ್ಣು ಫೋನಿನಿಂದ ಕದಲಲಿಲ್ಲ.

"ಹ್ಞೂಂರಿ, ಖಾಲಾ," ಎಂದಿತು ಅದರೊಳಗಿನ ಅವಳದೇ ದನಿ. "ಬರ್ಕೊಂಡೀನಿ."